ಭೂಸ್ವಾಧೀನ ಮತ್ತು ಮಾನವ ಹಕ್ಕುಗಳು: ಸೋಂಪುರ ಹಾಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆ

ಭೂಸ್ವಾಧೀನವೆಂದರೆ ಸಾರ್ವಜನಿಕ ಉದ್ದೇಶವೆಂದು ಸರ್ಕಾರ ಘೋಷಿಸಿದ ಕೆಲಸಕ್ಕಾಗಿ, ಹಿಡುವಳಿದಾರರು ಒಪ್ಪಿದರೂ ಒಪ್ಪದಿದ್ದರೂ, ಪರಿಹಾರ ಕೊಟ್ಟು ಖಾಸಗಿ ಜಮೀನನ್ನು ಕಾನೂನಿನ ಬಲದಿಂದ ಸರ್ಕಾರದ ಒಡೆತನಕ್ಕೆ ತೆಗೆದುಕೊಳ್ಳುವ ಕ್ರಮ. ಅಣೆಕಟ್ಟು, ಹೆದ್ದಾರಿ, ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶ ಇವೆಲ್ಲ ಈ ಕ್ರಮದ ಮೇಲೆಯೇ ನಿಂತಿವೆ. ಜಮೀನಿನ ಜೊತೆಗೆ ಮನೆ, ಕೂಲಿ, ಮೇವು, ನೀರು, ಊರಿನ ಬಳಕೆಯ ಜಾಗಗಳೂ ಕೈತಪ್ಪುವುದರಿಂದ ಇದು ಬರಿಯ ಆಸ್ತಿಯ ವಿಷಯವಾಗಿ ಉಳಿಯದೆ ಮಾನವ ಹಕ್ಕಿನ ವಿಷಯವಾಗಿದೆ. ಕರ್ನಾಟಕದಲ್ಲಿ ಈ ಪ್ರಶ್ನೆ ಇಂದು ಅತ್ಯಂತ ತೀವ್ರವಾಗಿರುವ ಕಡೆಗಳಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆ ಒಂದು. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ಅದರ ಪಶ್ಚಿಮದ ಅಂಚು.

ಪರಿಭಾಷೆ

ಜಮೀನಿನ ಬೆಲೆಯಾಗಿ ಕೊಡುವ ಹಣ ‘ಪರಿಹಾರ’. ಕಳೆದುಹೋದ ವಸತಿಯನ್ನೂ ಜೀವನೋಪಾಯವನ್ನೂ ಮತ್ತೆ ಕಟ್ಟಿಕೊಡುವುದು ‘ಪುನರ್ವಸತಿ’. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಈ ಕ್ಷೇತ್ರದ ಅನೇಕ ತಪ್ಪುಗಳು ಹುಟ್ಟಿವೆ. ಒಪ್ಪಿಗೆಯಿಲ್ಲದೆ, ತಕ್ಕ ಕಾನೂನು ರಕ್ಷಣೆಯಿಲ್ಲದೆ ಜನರನ್ನು ನೆಲೆಯಿಂದ ಎಬ್ಬಿಸುವುದು ‘ಬಲವಂತದ ತೆರವು’. ‘ಅಂತಾರಾಷ್ಟ್ರೀಯ ಹಸ್ತಕ್ಷೇಪ’ ಎಂಬ ಮಾತನ್ನು ಇಲ್ಲಿ ಸೈನಿಕ ಕಾರ್ಯಾಚರಣೆ ಎಂಬ ಅರ್ಥದಲ್ಲಿ ಬಳಸಿಲ್ಲ. ಸಾಲ ಕೊಡುವ ಸಂಸ್ಥೆಗಳ ಷರತ್ತು, ವಿಶ್ವಸಂಸ್ಥೆಯ ಪರಿಶೀಲನೆ, ವಿದೇಶಿ ಖರೀದಿದಾರ ಕಂಪನಿಗಳ ಒತ್ತಡ ಇವು ಇಲ್ಲಿ ಆ ಮಾತಿನ ವ್ಯಾಪ್ತಿಗೆ ಬರುತ್ತವೆ.

ಹಿನ್ನೆಲೆ

ಬ್ರಿಟಿಷ್ ಆಡಳಿತ ತಂದ 1894ರ ಭೂಸ್ವಾಧೀನ ಕಾಯ್ದೆ ಸ್ವಾತಂತ್ರ್ಯಾನಂತರವೂ ಆರೂವರೆ ದಶಕ ಜಾರಿಯಲ್ಲಿತ್ತು. ಜಮೀನಿಗೆ ಬೆಲೆ ಕಟ್ಟುವುದಷ್ಟೇ ಅದರ ಕೆಲಸ. ಎಬ್ಬಿಸಲ್ಪಟ್ಟವರು ಎಲ್ಲಿಗೆ ಹೋಗಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಕಲಮೂ ಇರಲಿಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟ ಶರಾವತಿ ಕಣಿವೆಯ ಕುಟುಂಬಗಳು ಪರ್ಯಾಯವಾಗಿ ಸಿಕ್ಕ ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಹೋರಾಡುತ್ತಿರುವುದು ಆ ಕೊರತೆಯ ಫಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಭೂಸುಧಾರಣೆ. 1974ರ ತಿದ್ದುಪಡಿಯ ಮೂಲಕ ಕರ್ನಾಟಕದಲ್ಲಿ ಗೇಣಿದಾರರು ಒಡೆಯರಾದರು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಪಿಟಿಸಿಎಲ್ ಎಂದು ಕರೆಯಲಾಗುವ ಕಾಯ್ದೆ ಬಂತು. ಬೆಂಗಳೂರು ಸುತ್ತಲಿನ ಒಣಬೇಸಾಯದ ಹಳ್ಳಿಗಳಲ್ಲಿ ಎರಡು ಮೂರು ಎಕರೆಯ ಸಣ್ಣ ಹಿಡುವಳಿಗಳು ಇಷ್ಟೊಂದು ಇರುವುದಕ್ಕೆ ಗೇಣಿ, ದರಖಾಸ್ತು, ಬಗರ್ ಹುಕುಂ ಸಕ್ರಮಗಳೂ ಕಾರಣ. ಅವುಗಳ ದಾಖಲೆ ಹಲವು ಕಡೆ ದುರ್ಬಲ. ಪೋಡಿಯಾಗಿರುವುದಿಲ್ಲ, ಖಾತೆ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ, ಸಾಗುವಳಿ ಚೀಟಿ ಇದ್ದರೂ ಪಹಣಿಯಲ್ಲಿ ಹೆಸರು ಇರುವುದಿಲ್ಲ. ಸ್ವಾಧೀನದ ಸಮಯದಲ್ಲಿ ಮೊದಲು ಸೋಲುವವರು ಇಂಥವರೇ.

ಸಂವಿಧಾನದ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಯಡಿ ಕಾನೂನಿನ ಹಕ್ಕಾಗಿಸಿತು. ಈ ಬದಲಾವಣೆ ಜಾರಿಗೆ ಬಂದದ್ದು 1979ರ ಜೂನ್ 20ರಂದು. ಅದೇ ವರ್ಷ ಏಪ್ರಿಲ್ 10ರಂದು ಭಾರತ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಸೇರಿತ್ತು. ಹೀಗೆ ದೇಶದೊಳಗೆ ಜಮೀನಿನ ಹಕ್ಕು ಸಡಿಲವಾಗುವ ಹೊತ್ತಿಗೇ ವಸತಿ, ಜೀವನೋಪಾಯಗಳ ಹಕ್ಕನ್ನು ಕಾಪಾಡುವ ಹೊಣೆ ಜಗತ್ತಿನೆದುರು ಹೆಗಲೇರಿತು.

1966ರ ಕಾಯ್ದೆಯ ರಚನೆ

ಕೈಗಾರಿಕೆಗಾಗಿ ರಾಜ್ಯದಲ್ಲಿ ನಡೆಯುವ ಸ್ವಾಧೀನಕ್ಕೆ ಆಧಾರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆ, 1966. ಇದರಡಿ ಸ್ಥಾಪನೆಯಾದ ಮಂಡಳಿಯೇ ಜನ ದಿನಬಳಕೆಯಲ್ಲಿ ಕೆಐಎಡಿಬಿ ಎನ್ನುವ ಸಂಸ್ಥೆ. ಒಂದು ಪ್ರದೇಶವನ್ನು ಕಲಂ 3(1)ರಡಿ ಕೈಗಾರಿಕಾ ಪ್ರದೇಶವೆಂದು ಘೋಷಿಸಿ, ಕಲಂ 1(3)ರಡಿ ಸ್ವಾಧೀನದ ಅಧ್ಯಾಯವನ್ನು ಅಲ್ಲಿಗೆ ಅನ್ವಯಿಸಿ, ಕಲಂ 28(1)ರಡಿ ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತಾರೆ. ಈ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಆದ್ದರಿಂದ ತನ್ನ ಊರು ಕೈಗಾರಿಕಾ ಪ್ರದೇಶವಾಗಬೇಕೇ ಬೇಡವೇ ಎಂದು ಗ್ರಾಮಸಭೆ ಚರ್ಚಿಸುವ ಹಂತವೇ ಈ ಕ್ರಮದಲ್ಲಿಲ್ಲ. ನೋಟಿಸು ಮುಟ್ಟಿದ ಮೇಲೆ ಆಕ್ಷೇಪಣೆಗೆ 30 ದಿನದ ಅವಕಾಶ, ವಿಶೇಷ ಭೂಸ್ವಾಧೀನಾಧಿಕಾರಿಯ ಮುಂದೆ ವಿಚಾರಣೆ, ಬಳಿಕ 28(4)ರ ಅಂತಿಮ ಅಧಿಸೂಚನೆ. ಅದು ಪ್ರಕಟವಾದೊಡನೆ 28(5)ರ ಪ್ರಕಾರ ಜಮೀನು ಎಲ್ಲ ಋಣಗಳಿಂದ ಮುಕ್ತವಾಗಿ ಸರ್ಕಾರಕ್ಕೆ ಸೇರುತ್ತದೆ.

ರೈತನಿಗೆ ಪೆಟ್ಟು ಬೀಳುವುದು ಅಂತಿಮ ಅಧಿಸೂಚನೆಗಿಂತ ಬಹಳ ಮುಂಚೆ. ಪ್ರಾಥಮಿಕ ಅಧಿಸೂಚನೆಯ ವಿಷಯ ಪಹಣಿಯ 11ನೇ ಕಾಲಂನಲ್ಲಿ ದಾಖಲಾದರೆ ಬ್ಯಾಂಕಿನ ಬೆಳೆಸಾಲ ಕಷ್ಟ, ಮಾರಾಟ ಕಷ್ಟ, ಮಕ್ಕಳಿಗೆ ವಿಭಾಗ ಮಾಡಿಕೊಡುವುದೂ ಕಷ್ಟ. ನಾಳೆ ಕೈತಪ್ಪಬಹುದಾದ ಹೊಲದಲ್ಲಿ ಕೊಳವೆಬಾವಿ ಕೊರೆಸಲು, ಹಿಪ್ಪುನೇರಳೆ ನೆಡಲು ಯಾರಿಗೂ ಧೈರ್ಯ ಬರುವುದಿಲ್ಲ. ‘ನೋಟಿಫಿಕೇಶನ್ ಆದ ಜಮೀನು’ ಎಂಬ ಈ ನಡುಗಾಲದ ಸ್ಥಿತಿ ವರ್ಷಗಟ್ಟಲೆ ಮುಂದುವರಿಯುವುದುಂಟು. ಆ ಅವಧಿಯ ನಷ್ಟ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ.

ಪರಿಹಾರ ಎರಡು ಬಗೆ. ದರಸಂಧಾನ ಸಭೆಯಲ್ಲಿ ಒಪ್ಪಿದ ದರದಂತೆ ಹಣ ಪಡೆಯುವುದು ಒಂದು. ಒಪ್ಪದಿದ್ದರೆ ಅಧಿಕಾರಿಯ ಐತೀರ್ಪು, ಆಮೇಲೆ ನ್ಯಾಯಾಲಯ. ಇದಲ್ಲದೆ ಹಣದ ಬದಲು ಎಕರೆಗೆ 10,781 ಚದರ ಅಡಿ ಅಭಿವೃದ್ಧಿಪಡಿಸಿದ ನಿವೇಶನ ಪಡೆಯುವ ಆಯ್ಕೆಯನ್ನೂ ಮಂಡಳಿ ನೀಡುತ್ತದೆ. ಈ ಯಾವುದರಲ್ಲೂ ಜಮೀನಿಲ್ಲದ ಕೂಲಿಯವನಿಗೆ ಜಾಗವಿಲ್ಲ.

2013ರ ಕಾಯ್ದೆ ಮತ್ತು ಎರಡರ ನಡುವಿನ ಅಂತರ

2014ರ ಜನವರಿ 1ರಿಂದ ಜಾರಿಗೆ ಬಂದ ನ್ಯಾಯಯುತ ಪರಿಹಾರ, ಪಾರದರ್ಶಕತೆ ಹಾಗೂ ಪುನರ್ವಸತಿ ಕಾಯ್ದೆ (2013) ಭಾರತದಲ್ಲಿ ಮೊದಲ ಬಾರಿಗೆ ಸ್ವಾಧೀನ ಮತ್ತು ಪುನರ್ವಸತಿಯನ್ನು ಒಂದೇ ಕಾನೂನಿನಲ್ಲಿ ಹೆಣೆಯಿತು. ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. ಖಾಸಗಿ ಕಂಪನಿಗಾದರೆ ಶೇ 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕಾಯಿತು. ಮಾರುಕಟ್ಟೆ ದರದ ಮೇಲೆ ಶೇ 100ರಷ್ಟು ಸಾಂತ್ವನ ಮೊತ್ತ, ಗ್ರಾಮೀಣ ಭಾಗದಲ್ಲಿ ದರವನ್ನೇ ಎರಡು ಪಟ್ಟಿನವರೆಗೆ ಹೆಚ್ಚಿಸುವ ಗುಣಕ, ಉದ್ಯೋಗ ಇಲ್ಲವೇ 5 ಲಕ್ಷ ರೂಪಾಯಿ ಇಲ್ಲವೇ ತಿಂಗಳಿಗೆ 2,000 ರೂಪಾಯಿಯಂತೆ 20 ವರ್ಷದ ವರ್ಷಾಶನ ಇದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ‘ಬಾಧಿತ ಕುಟುಂಬ’ದ ವ್ಯಾಖ್ಯೆ: ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಜಮೀನನ್ನೇ ನಂಬಿ ದುಡಿದ ಕೃಷಿ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳೂ ಅದರೊಳಗೆ ಬಂದರು.

ಆದರೆ 1966ರ ಕಾಯ್ದೆ ಬೇರೆಯಾಗಿಯೇ ಉಳಿಯಿತು. 2013ರ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿದ ಹೆದ್ದಾರಿ, ರೈಲ್ವೆ ಮೊದಲಾದ ಕೇಂದ್ರ ಕಾಯ್ದೆಗಳಿಗೆ ಪರಿಹಾರ, ಪುನರ್ವಸತಿಯ ನಿಯಮಗಳು ವಿಸ್ತರಣೆಯಾದವು; ರಾಜ್ಯದ ಕಾಯ್ದೆ ಆ ಅನುಸೂಚಿಯಲ್ಲಿರಲಿಲ್ಲ. 1894ರ ಕಾಯ್ದೆಯಡಿ ಐತೀರ್ಪಾಗಿ ಐದು ವರ್ಷವಾದರೂ ಜಮೀನು ವಶಕ್ಕೆ ಪಡೆಯದೆ, ಪರಿಹಾರ ಕೊಡದೆ ಉಳಿದ ಸ್ವಾಧೀನ ರದ್ದಾಗುವ, 2013ರ ಕಾಯ್ದೆಯ 24(2)ನೇ ಕಲಮು ಕೆಐಎಡಿಬಿ ಸ್ವಾಧೀನಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ, ಅನಸೂಯಾ ಬಾಯಿ ಪ್ರಕರಣದಲ್ಲಿ, ತೀರ್ಪಿತ್ತಿತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಹೆದ್ದಾರಿಗೆ ಜಮೀನು ಹೋದವರಿಗೂ ಪಕ್ಕದಲ್ಲೇ ಕಾರ್ಖಾನೆಗೆ ಹೋದವರಿಗೂ ಬೇರೆ ಬೇರೆ ಹಕ್ಕುಗಳಿವೆ. ಇದಕ್ಕೆ ನ್ಯಾಯದ ಸಮರ್ಥನೆ ಕಾಣುವುದಿಲ್ಲ.

ನ್ಯಾಯಾಲಯದ ಮತ್ತೊಂದು ಹೆಜ್ಜೆ ಜನರ ಪರವಾಗಿತ್ತು. ಬೆಂಗಳೂರು-ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್‌ಗೆ 2003ರಲ್ಲಿ ಕೆಐಎಡಿಬಿ ಅಧಿಸೂಚನೆ ಹೊರಡಿಸಿ 2005ರಲ್ಲಿ ವಶಪಡಿಸಿಕೊಂಡ ಜಮೀನಿಗೆ ಎರಡು ದಶಕವಾದರೂ ಸರಿಯಾದ ಪರಿಹಾರ ಸಿಕ್ಕಿರಲಿಲ್ಲ. 2025ರ ಜನವರಿ 2ರಂದು ಬರ್ನಾರ್ಡ್ ಫ್ರಾನ್ಸಿಸ್ ಜೋಸೆಫ್ ವಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಸ್ತಿಯ ಹಕ್ಕು ಸಾಂವಿಧಾನಿಕ ಹಕ್ಕು ಮಾತ್ರವಲ್ಲ ಮಾನವ ಹಕ್ಕೂ ಹೌದೆಂದು ಮತ್ತೆ ಸಾರಿ, 2003ರ ಬದಲು 2019ರ ಏಪ್ರಿಲ್ 22ರ ಮಾರುಕಟ್ಟೆ ದರದಂತೆ ಪರಿಹಾರ ಗೊತ್ತುಪಡಿಸಲು ಆದೇಶಿಸಿತು.

ಅಂತಾರಾಷ್ಟ್ರೀಯ ಮಾನದಂಡಗಳು

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 17ನೇ ವಿಧಿ ಯಾರ ಆಸ್ತಿಯನ್ನೂ ಮನಬಂದಂತೆ ಕಸಿಯಬಾರದು ಎನ್ನುತ್ತದೆ. ಮೇಲೆ ಹೇಳಿದ ಅಂತಾರಾಷ್ಟ್ರೀಯ ಒಡಂಬಡಿಕೆಯ 11ನೇ ವಿಧಿ ಆಹಾರ ಮತ್ತು ವಸತಿಯ ಹಕ್ಕನ್ನು ಹೇಳುತ್ತದೆ. ಅದನ್ನು ಬಲವಂತದ ತೆರವಿಗೆ ಅನ್ವಯಿಸಿ ವಿವರಿಸಿದ್ದು ಆ ಒಡಂಬಡಿಕೆಯ ಸಮಿತಿಯ 1997ರ 7ನೇ ಸಾಮಾನ್ಯ ಟಿಪ್ಪಣಿ. 1986ರ ಡಿಸೆಂಬರ್ 4ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಅಭಿವೃದ್ಧಿಯ ಹಕ್ಕಿನ ಘೋಷಣೆ ಮನುಷ್ಯನನ್ನೇ ಅಭಿವೃದ್ಧಿಯ ಕೇಂದ್ರವಾಗಿಟ್ಟು, ಅದರ ನಿರ್ಧಾರಗಳಲ್ಲಿ ಪಾಲ್ಗೊಳ್ಳುವುದನ್ನು ಹಕ್ಕೆಂದು ಮಾನ್ಯ ಮಾಡಿತು.

ವಸತಿ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಭಾರತದ ಮಿಲೂನ್ ಕೊಠಾರಿ 2007ರಲ್ಲಿ ಅಭಿವೃದ್ಧಿ ಯೋಜನೆಗಳಿಂದಾಗುವ ತೆರವು ಕುರಿತ ಮೂಲ ತತ್ವಗಳನ್ನು ಮಂಡಿಸಿದರು. ತೆರವಿಗೆ ಮುಂಚೆ ಪರಿಣಾಮದ ಅಧ್ಯಯನ, ತೆರವು ನಡೆಯುವಾಗ ರಾತ್ರಿ ಹೊತ್ತು ಕಾರ್ಯಾಚರಣೆ ನಿಷೇಧ, ತೆರವಿನ ನಂತರ ಬದುಕು ಮೊದಲಿಗಿಂತ ಕೀಳಾಗದಂತೆ ನೋಡಿಕೊಳ್ಳುವುದು ಅವುಗಳ ಸಾರ. ರೈತರ ಮತ್ತು ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಘೋಷಣೆ 2018ರ ಡಿಸೆಂಬರ್‌ನಲ್ಲಿ 121 ದೇಶಗಳ ಬೆಂಬಲದಿಂದ ಅಂಗೀಕಾರವಾಯಿತು. ಭಾರತವೂ ಪರವಾಗಿ ಮತ ಹಾಕಿತು. ಘೋಷಣೆಗಳಿಗೆ ಕಾನೂನಿನ ಕಡ್ಡಾಯವಿಲ್ಲ. ಅಧಿಸೂಚನೆ ಹೊರಡಿಸುವ ಅಧಿಕಾರಿ ಅವನ್ನು ಉಲ್ಲೇಖಿಸಬೇಕಾದ ಅಗತ್ಯವೂ ಇಲ್ಲ.

ಹಸ್ತಕ್ಷೇಪದ ಬಗೆಗಳು

ಕರ್ನಾಟಕದ ಮಟ್ಟಿಗೆ ಅತ್ಯಂತ ಪರಿಣಾಮ ಬೀರಿದ್ದು ಸಾಲದ ಷರತ್ತು. ವಿಶ್ವಬ್ಯಾಂಕ್ ತನ್ನ ಮೊದಲ ಪುನರ್ವಸತಿ ನೀತಿಯನ್ನು 1980ರಲ್ಲಿ ರೂಪಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅದು 1978ರಲ್ಲಿ ಮೊದಲ ಸಾಲವನ್ನೂ 1989ರಲ್ಲಿ ಎರಡನೆಯದನ್ನೂ ಕೊಟ್ಟಿತ್ತು. ನಾರಾಯಣಪುರ, ಆಲಮಟ್ಟಿ ಹಿನ್ನೀರಿನ ಹಳ್ಳಿಗಳ ಪುನರ್ವಸತಿ ಕಾಮಗಾರಿಗಿಂತ ಬಹಳ ಹಿಂದುಳಿದದ್ದರಿಂದ 1992ರಲ್ಲೊಮ್ಮೆ, 1995ರಲ್ಲೊಮ್ಮೆ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಅದರ ಬಳಿಕ ಪುನರ್ವಸತಿಗೆ ರಾಜ್ಯ ಹೆಚ್ಚಿನ ಅಧಿಕಾರಿಗಳನ್ನೂ ಹಣವನ್ನೂ ಒದಗಿಸಬೇಕಾಯಿತು. ಬಾಗಲಕೋಟೆಯ ಮುಳುಗಡೆ ಭಾಗಕ್ಕೆ ಬದಲಾಗಿ ನವನಗರ ಎದ್ದದ್ದೂ ಇದೇ ಯೋಜನೆಯ ಪುನರ್ವಸತಿಯ ಅಂಗವಾಗಿ. 1997ರಲ್ಲಿ ಬ್ಯಾಂಕಿನ ನೆರವು ಮುಗಿದ ಮೇಲೆ ಕೃಷ್ಣಾ ಭಾಗ್ಯ ಜಲ ನಿಗಮದ ಮೂಲಕ ರಾಜ್ಯ ತನ್ನದೇ ಹಣದಿಂದ ಕೆಲಸ ಮುಂದುವರಿಸಿತು. ಅಲ್ಲಿಗೆ ಹೊರಗಿನ ತಪಾಸಣೆ ನಿಂತಿತು.

ಎರಡನೆಯ ಬಗೆ ದೂರು ವ್ಯವಸ್ಥೆ. ನರ್ಮದೆಯ ಸರ್ದಾರ್ ಸರೋವರ ವಿವಾದದ ಬಳಿಕ 1993ರಲ್ಲಿ ವಿಶ್ವಬ್ಯಾಂಕ್ ತಪಾಸಣಾ ಮಂಡಳಿಯನ್ನು ನೇಮಿಸಿತು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ 1998ರಲ್ಲಿ ಅದರ ಮೆಟ್ಟಿಲು ಹತ್ತಿತು. ಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯನ್ನು ಕಾಡಿನ ಜನರನ್ನು ಕೇಳದೆಯೇ ರೂಪಿಸಲಾಗಿದೆ ಎಂಬುದು ದೂರು. ತನಿಖೆ ಬೇಕೆಂದು ಮಂಡಳಿ ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ. ಲೋಪಗಳನ್ನು ಆಡಳಿತ ವರ್ಗವೇ ಸರಿಪಡಿಸಲೆಂದು ಬಿಟ್ಟರು.

ವಿಶ್ವಸಂಸ್ಥೆಯ ವರದಿಗಾರರ ಭೇಟಿ ಮೂರನೆಯದು. ವಸತಿ ಹಕ್ಕಿನ ವರದಿಗಾರ್ತಿ ಲೈಲಾನಿ ಫರ್ಹಾ 2016ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಬೆಂಗಳೂರುಗಳಿಗೆ ಬಂದರು. ಇಂಥ ವರದಿಗಳಿಂದ ದಾಖಲೆ ಉಳಿಯುತ್ತದೆ, ಆದೇಶ ಹೊರಡುವುದಿಲ್ಲ.

ಕಾರ್ಖಾನೆ ನಿಂತ ಮೇಲೆ ನಡೆಯುವುದು ನಾಲ್ಕನೆಯ ಬಗೆ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳು ಕಂಪನಿಗಳ ಪೂರೈಕೆ ಸರಪಣಿಗೂ ಹೊಣೆ ಹೊರಿಸುತ್ತವೆ. ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ವಿಸ್ಟ್ರಾನ್ ಘಟಕದಲ್ಲಿ ವೇತನದ ವಿಷಯಕ್ಕೆ 2020ರ ಡಿಸೆಂಬರ್ 12ರಂದು ಗಲಭೆಯಾದಾಗ, ಖರೀದಿದಾರ ಕಂಪನಿಯಾದ ಆಪಲ್ ತನ್ನ ನಿಯಮಗಳ ಉಲ್ಲಂಘನೆ ಕಂಡುಬಂತೆಂದು ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಸಿದ್ಧ ಉಡುಪು ಕಾರ್ಖಾನೆಯೊಂದು ಮುಚ್ಚಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದಾಗಲೂ ಕಾರ್ಮಿಕ ಸಂಘದ ಹೋರಾಟದ ಜೊತೆಗೆ ವಿದೇಶಿ ಬ್ರ್ಯಾಂಡಿನ ಮೇಲೆ ಬಿದ್ದ ಒತ್ತಡ 2021ರ ಒಪ್ಪಂದಕ್ಕೆ ದಾರಿಯಾಯಿತು. ಈ ಬಗೆಯ ಹಸ್ತಕ್ಷೇಪ ಕಾರ್ಮಿಕನವರೆಗೆ ಬರುತ್ತದೆ. ಆ ಕಾರ್ಖಾನೆಯ ನೆಲಕ್ಕೆ ಜಮೀನು ಬಿಟ್ಟವನವರೆಗೆ ಬರುವುದಿಲ್ಲ.

ಸೋಂಪುರ ಹೋಬಳಿ

ತುಮಕೂರು ರಸ್ತೆಯ ಮೇಲಿನ ದಾಬಸ್‌ಪೇಟೆ ಈ ಹೋಬಳಿಯ ದೊಡ್ಡ ಊರು. ಶಿವಗಂಗೆ ಬೆಟ್ಟ ಇಲ್ಲಿಯೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಸುತ್ತಿ ಬರುವ ಹೆದ್ದಾರಿ ದಾಬಸ್‌ಪೇಟೆಯಲ್ಲಿ ಮುಂಬೈ ಹೆದ್ದಾರಿಯನ್ನು ಕೂಡುತ್ತದೆ. ಸುತ್ತಲ ಭೂಮಿ ಬಹುಪಾಲು ಮಳೆಯಾಶ್ರಿತ. ರಾಗಿ, ಅವರೆ, ಹುರುಳಿ ಇಲ್ಲಿನ ಹಳೆಯ ಬೆಳೆಗಳು, ಕೊಳವೆಬಾವಿ ಇರುವಲ್ಲಿ ಅಡಿಕೆ, ತರಕಾರಿ. ಹೆದ್ದಾರಿಯ ಅನುಕೂಲದಿಂದಾಗಿ ಕೆಐಎಡಿಬಿ ಇಲ್ಲಿ ಸೋಂಪುರ ಕೈಗಾರಿಕಾ ಪ್ರದೇಶವನ್ನು ಹಲವು ಹಂತಗಳಲ್ಲಿ ಬೆಳೆಸಿದೆ.

ಸೋಂಪುರವನ್ನು ಬಿಡಿಯಾಗಿ ನೋಡಲಾಗದು. ಇದೇ ಹೆದ್ದಾರಿಯಲ್ಲಿ ಮುಂದೆ ತುಮಕೂರು ಜಿಲ್ಲೆಯ ವಸಂತನರಸಾಪುರವಿದೆ. ಜಪಾನಿನ ಜೈಕಾ ಸಂಸ್ಥೆ ಸಮಗ್ರ ಯೋಜನೆ ಸಿದ್ಧಪಡಿಸಿದ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಮೂರು ಕೇಂದ್ರಗಳಲ್ಲಿ ತುಮಕೂರು ಒಂದು. ಪೂರ್ವದಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಸುಮಾರು 4,000 ಎಕರೆಯಲ್ಲಿ ಹರಡಿದ್ದು 2008ರ ಮೇ 24ರಂದು ಆರಂಭವಾಯಿತು. ಅದರ ಸುತ್ತ ಏರೋಸ್ಪೇಸ್ ಪಾರ್ಕ್, ತೈವಾನ್ ಮೂಲದ ಫಾಕ್ಸ್‌ಕಾನ್ ಘಟಕ ಬಂದಿವೆ. ಹೀಗೆ ಜಿಲ್ಲೆ ಜಾಗತಿಕ ಉತ್ಪಾದನೆಯ ಜಾಲಕ್ಕೆ ಸೇರಿದೆ. ಆದರೂ ಇಲ್ಲಿನ ಜಮೀನಿಗೆ ಹಣ ಹಾಕುವುದು ರಾಜ್ಯದ ಮಂಡಳಿ. ಹಾಗಾಗಿ ಕೃಷ್ಣಾ ಮೇಲ್ದಂಡೆಯಲ್ಲಿ ಕೆಲಸಕ್ಕೆ ಬಂದ ಸಾಲದ ಷರತ್ತು ಇಲ್ಲಿ ಅನ್ವಯಿಸುವುದಿಲ್ಲ.

ಸ್ವಾಧೀನದ ಪರಿಣಾಮ ಎಲ್ಲರಿಗೂ ಒಂದೇ ಅಲ್ಲ. ಹೆದ್ದಾರಿ ಬದಿಯಲ್ಲಿ ದಾಖಲೆ ಸರಿಯಿದ್ದ ಜಮೀನಿಗೆ ದೊಡ್ಡ ಮೊತ್ತ ಬರುತ್ತದೆ. ಗೋಮಾಳದಲ್ಲಿ ಕುರಿ ಮೇಯಿಸುವವರಿಗೆ, ರಾಗಿ ಕುಯಿಲಿಗೆ ಹೋಗುವ ಹೆಣ್ಣುಮಕ್ಕಳಿಗೆ, ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಏನೂ ಬರುವುದಿಲ್ಲ. ಹಣ ಖಾತೆದಾರನ ಹೆಸರಿಗೆ ಬರುವುದರಿಂದ ಹೆಂಡತಿ, ತಂಗಿಯರ ಪಾಲು ಮನೆಯೊಳಗಿನ ಮಾತುಕತೆಗೆ ಬಿಟ್ಟ ವಿಷಯವಾಗುತ್ತದೆ.

ಚನ್ನರಾಯಪಟ್ಟಣ ಹೋಬಳಿಯ ಹೋರಾಟ

ಜಿಲ್ಲೆಯ ಇತಿಹಾಸದಲ್ಲಿ ಚನ್ನರಾಯಪಟ್ಟಣ ಹೋಬಳಿಯ ಹೋರಾಟಕ್ಕೆ ಪ್ರತ್ಯೇಕ ಸ್ಥಾನವಿದೆ. 2022ರ ಜನವರಿಯಲ್ಲಿ ದೇವನಹಳ್ಳಿ ತಾಲ್ಲೂಕಿನ ಈ ಹೋಬಳಿಯ 13 ಗ್ರಾಮಗಳ 1,777 ಎಕರೆಗೆ ಕೆಐಎಡಿಬಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಚನ್ನರಾಯಪಟ್ಟಣ, ಪಾಳ್ಯ, ಹರಳೂರು, ಪೋಲನಹಳ್ಳಿ, ಮಟ್ಟಬಾರ್ಲು, ನಲ್ಲೂರು ಅವುಗಳಲ್ಲಿ ಸೇರಿದ್ದವು. ತರಕಾರಿ, ದ್ರಾಕ್ಷಿ, ರೇಷ್ಮೆ, ಹಾಲಿನಿಂದ ಬೆಂಗಳೂರನ್ನು ಪೊರೆಯುವ ಊರುಗಳಿವು. ಬಹುಪಾಲು ಕುಟುಂಬಗಳು ಸಣ್ಣ ಹಿಡುವಳಿಯವು, ಅವರಲ್ಲಿ ದಲಿತರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. 2022ರ ಏಪ್ರಿಲ್ 4ರಂದು ಅನಿರ್ದಿಷ್ಟಾವಧಿ ಧರಣಿ ಆರಂಭವಾಯಿತು. ರೈತ, ದಲಿತ, ಕಾರ್ಮಿಕ ಸಂಘಟನೆಗಳ ಒಕ್ಕೂಟವಾದ ಸಂಯುಕ್ತ ಹೋರಾಟ-ಕರ್ನಾಟಕ ಬೆನ್ನಿಗೆ ನಿಂತಿತು.

ಈ ನಡುವೆ ರಾಜ್ಯದಲ್ಲಿ ಸರ್ಕಾರ ಬದಲಾಯಿತು, ಅಧಿಸೂಚನೆ ಬದಲಾಗಲಿಲ್ಲ. ಮೂರು ಗ್ರಾಮಗಳ ಜಮೀನನ್ನಷ್ಟೇ ಕೈಬಿಡುವ ಮಾತನ್ನು ರೈತರು ಒಪ್ಪಲಿಲ್ಲ. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆದಾಗ ಧರಣಿನಿರತರನ್ನು ಪೊಲೀಸರು ಬಲವಂತವಾಗಿ ಬಂಧಿಸಿದರು. ಇದರಿಂದ ಹೋರಾಟ ರಾಜ್ಯವ್ಯಾಪಿಯಾಯಿತು. ಲೇಖಕರು, ಕಲಾವಿದರು, ವಿದ್ಯಾರ್ಥಿಗಳು ಜೊತೆಗೂಡಿದರು. ಜುಲೈ 15ರಂದು, ಧರಣಿಯ 1,198ನೇ ದಿನದ ಸುಮಾರಿಗೆ, ಮುಖ್ಯಮಂತ್ರಿ ಸಿದ್ದರಾಮಯ್ಯ ಇಡೀ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ತಾವಾಗಿ ಜಮೀನು ಕೊಡಲು ಬಯಸುವವರಿಂದ ಮಾತ್ರ ಹೆಚ್ಚಿನ ಪರಿಹಾರಕ್ಕೆ ಪಡೆಯಲಾಗುವುದು ಎಂದರು.

ಕರ್ನಾಟಕದಲ್ಲಿ ಇದಕ್ಕೆ ಮುಂಚಿನ ಪ್ರಮುಖ ನಿದರ್ಶನ ಗದಗ ಜಿಲ್ಲೆಯ ಹಳ್ಳಿಗುಡಿ. ಅಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಪಡೆಯುವುದನ್ನು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದ ಚಳವಳಿಯ ಬಳಿಕ 2011ರ ಜುಲೈನಲ್ಲಿ ನಿಲ್ಲಿಸಲಾಯಿತು. ಹಳ್ಳಿಗುಡಿ, ಚನ್ನರಾಯಪಟ್ಟಣ ಎರಡರಲ್ಲೂ ಅಂತಾರಾಷ್ಟ್ರೀಯ ಮಾನದಂಡ ಬಯಸುವ ಜನರ ಪೂರ್ವ ಒಪ್ಪಿಗೆಯ ತತ್ವ ಫಲಿಸಿದ್ದು ಊರಿನವರ ಬಲದಿಂದಲೇ.

ಇಂದಿನ ಸ್ಥಿತಿ

ಚನ್ನರಾಯಪಟ್ಟಣದ ನಿರ್ಧಾರ ಒಂದು ಹೋಬಳಿಗೆ ಸೀಮಿತವಾದ ಸರ್ಕಾರಿ ತೀರ್ಮಾನ. ಅದರಿಂದ 1966ರ ಕಾಯ್ದೆಯ ಒಂದು ಅಕ್ಷರವೂ ಬದಲಾಗಿಲ್ಲ. ಸೋಂಪುರದಲ್ಲಾಗಲಿ ಜಿಲ್ಲೆಯ ಬೇರೆಡೆಯಾಗಲಿ ಮುಂದಿನ ಅಧಿಸೂಚನೆ ಹೊರಟರೆ ಅದೇ 28(1), ಅದೇ 30 ದಿನ, ಅದೇ ದರಸಂಧಾನ ಸಭೆ. ರೈತರಿಗೆ ಇಂದು ಲಭ್ಯವಿರುವ ದಾರಿಗಳು ಲಿಖಿತ ಆಕ್ಷೇಪಣೆ, ಹೈಕೋರ್ಟಿನ ರಿಟ್ ಅರ್ಜಿ, 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ರಾಷ್ಟ್ರೀಯ ಹಾಗೂ ರಾಜ್ಯ ಮಾನವ ಹಕ್ಕುಗಳ ಆಯೋಗಗಳಿಗೆ ದೂರು. ಆಯೋಗಗಳು ಶಿಫಾರಸು ಮಾಡಬಲ್ಲವು, ಸ್ವಾಧೀನವನ್ನು ರದ್ದುಪಡಿಸಲಾರವು.

ಸಾಮಾಜಿಕ ಪರಿಣಾಮದ ಅಧ್ಯಯನ, ಗ್ರಾಮಸಭೆಯ ಚರ್ಚೆ, ಕೂಲಿಕಾರರನ್ನು ಬಾಧಿತರೆಂದು ಎಣಿಸುವ ವ್ಯಾಖ್ಯೆ ಈ ಮೂರನ್ನು ರಾಜ್ಯದ ವಿಧಾನಮಂಡಲವೇ 1966ರ ಕಾಯ್ದೆಗೆ ಸೇರಿಸಬಹುದು. ಅದಕ್ಕೆ ಹೊರಗಿನ ಯಾವ ಸಂಸ್ಥೆಯ ಷರತ್ತೂ ಬೇಕಿಲ್ಲ. 2013ರ ಕಾಯ್ದೆ ಜಾರಿಯಾಗಿ ಒಂದು ದಶಕ ದಾಟಿದರೂ ಆ ತಿದ್ದುಪಡಿ ಆಗಿಲ್ಲ.